ಹಿಡಿ ಅಕ್ಕಿಯ ಸೇವೆ: ನಿಮ್ಮ ಸಭೆಯಲ್ಲಿ ಶುರು ಮಾಡುವುದು ಹೇಗೆ

"ನಮ್ಮದು ಚಿಕ್ಕ ಸಭೆ. ಎಲ್ಲರೂ ದುಡಿದು ತಿನ್ನುವವರು. ನಮ್ಮಿಂದ ಯಾರಿಗೆ ಏನು ಸಹಾಯ ಆದೀತು?" ಈ ಪ್ರಶ್ನೆ ಬೇರೆ ಬೇರೆ ಊರುಗಳಿಂದ ಮತ್ತೆ ಮತ್ತೆ ಬರುತ್ತದೆ. ಕೇಳುವವರಿಗೆ ಮನಸ್ಸಿಲ್ಲ ಎಂದಲ್ಲ, ದಾರಿ ಗೊತ್ತಿಲ್ಲ ಅಷ್ಟೆ. ಇಪ್ಪತ್ತು ಮನೆಗಳಿರುವ ಕ್ರೈಸ್ತ ಸಭೆ ದಿನಾ ಒಂದು ಹಿಡಿ ಅಕ್ಕಿ ಎತ್ತಿಟ್ಟು, ಯಾರ ಜೇಬಿಗೂ ಭಾರವಾಗದಂತೆ ಎರಡು ಬಡ ಮನೆಗಳನ್ನು ವರ್ಷವಿಡೀ ನೋಡಿಕೊಳ್ಳುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇವೆ.

ಇದು ಹೊಸದೇನೂ ಅಲ್ಲ. ಆಗ ಲುಶಾಯ್ ಬೆಟ್ಟಗಳೆಂದು ಕರೆಯುತ್ತಿದ್ದ ಮಿಜೋರಾಮಿನಲ್ಲಿ ಪ್ರೆಸ್ಬಿಟೀರಿಯನ್ ಸಭೆಯ ಹೆಂಗಸರು 1910ರಲ್ಲಿ ಇದನ್ನು ಆರಂಭಿಸಿದರು. ಕೈಯಲ್ಲಿ ಕಾಸಿಲ್ಲದ ಕಾಲ ಅದು. ಅಡುಗೆಗೆ ಅಕ್ಕಿ ಅಳೆದಾಗಲೆಲ್ಲ ಒಂದು ಹಿಡಿ ತೆಗೆದು ಬೇರೆ ಇಡುವುದು, ಸಭೆಯವರು ಅದನ್ನು ಮನೆಮನೆಯಿಂದ ಕೂಡಿಸಿ ಮಾರುವುದು, ಬಂದ ಹಣವನ್ನು ದೇವರ ಕೆಲಸಕ್ಕೆ ಹಾಕುವುದು. ಅಲ್ಲಿ ಇಂದಿಗೂ ಇದು ನಡೆಯುತ್ತಿದೆ. ನಮ್ಮಲ್ಲೂ ಸುಗ್ಗಿ ಹಬ್ಬಕ್ಕೆ ಕುಂಬಳಕಾಯಿ, ಬಾಳೆಗೊನೆ, ಅಕ್ಕಿ, ರಾಗಿ ತಂದು ಅರ್ಪಿಸುವ ರೂಢಿ ಇದ್ದೇ ಇದೆ. ವರ್ಷಕ್ಕೊಮ್ಮೆ ಮಾಡುವುದನ್ನು ದಿನಾ ಒಂದು ಹಿಡಿಯಷ್ಟು ಮಾಡುವುದೇ ಈ ಸೇವೆ.

ಶುರು ಮಾಡುವ ಮೊದಲು ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಬಡ ಮನೆಗೆ ಒಮ್ಮೆ ಸಿಗುವ ದೊಡ್ಡ ಗಂಟಿಗಿಂತ ಪ್ರತಿ ತಿಂಗಳು ಅದೇ ತಾರೀಕಿಗೆ ಬರುವ ಸಣ್ಣ ಚೀಲ ಹೆಚ್ಚು ಆಸರೆ. ಐದನೇ ತಾರೀಕಿಗೆ ಎಣ್ಣೆ, ಬೇಳೆ ಬರುತ್ತದೆ ಎಂದು ಗೊತ್ತಿದ್ದರೆ ಆ ಮನೆಯವರು ಅಂಗಡಿಯಲ್ಲಿ ಸಾಲ ಬರೆಸುವುದಿಲ್ಲ. ಬರುತ್ತದೋ ಇಲ್ಲವೋ ಎನ್ನುವ ಅನುಮಾನ ಇದ್ದರೆ ನೀವು ಕೊಟ್ಟರೂ ಸಾಲ ತಪ್ಪುವುದಿಲ್ಲ. ಮುಂದಿನ ಹಂತಗಳೆಲ್ಲ ತಾರೀಕು ತಪ್ಪದಂತೆ ನೋಡಿಕೊಳ್ಳುವುದಕ್ಕಾಗಿಯೇ ಇವೆ.

ಬೇಕಾಗುವುದು

ಸೇರಿಕೊಳ್ಳುವ ಪ್ರತಿ ಮನೆಗೆ ಬಿಗಿ ಮುಚ್ಚಳದ 2 ಲೀಟರ್ ಡಬ್ಬಿ. ಸಭೆಯಲ್ಲಿ ಮುಚ್ಚಳವಿರುವ ಎರಡು ದೊಡ್ಡ ಡ್ರಮ್ಮು, ಒಂದು ತೂಕದ ಕಾಟಾ, ಎರಡು ನೋಟ್‌ಪುಸ್ತಕ, ಯಾವ ಹೆಸರೂ ಅಚ್ಚಾಗಿರದ ನಾಲ್ಕು ಬಟ್ಟೆಯ ಕೈಚೀಲ. ಜವಾಬ್ದಾರಿ ಹೊರಲು ಐದು ಜನ. ಸಭಾಪಾಲಕರ ಅಥವಾ, ಕಥೋಲಿಕರಲ್ಲಾದರೆ, ಧರ್ಮಕೇಂದ್ರದ ಗುರುಗಳ ಒಪ್ಪಿಗೆ. ಇಷ್ಟು ಸಾಕು. ಬ್ಯಾನರು, ಉದ್ಘಾಟನೆ ಬೇಡ.

1. ಲೆಕ್ಕ ಹಾಕಿ, ಆಮೇಲೆ ಮಾತು ಕೊಡಿ

ದೊಡ್ಡವರ ಒಂದು ಹಿಡಿಯಲ್ಲಿ ಸುಮಾರು 50 ಗ್ರಾಂ ಅಕ್ಕಿ ಹಿಡಿಯುತ್ತದೆ. ದಿನಕ್ಕೆ ಒಂದು ಹಿಡಿಯಂತೆ ಮೂವತ್ತು ದಿನಕ್ಕೆ ಒಂದೂವರೆ ಕೆಜಿ. ಇಪ್ಪತ್ತು ಮನೆಯಿಂದ 30 ಕೆಜಿ ಬರಬೇಕು. ಅಷ್ಟು ಬರುತ್ತದೆ ಎಂದು ನಂಬಿ ಯೋಜನೆ ಹಾಕಬೇಡಿ. ಊರಿಗೆ ಹೋದವರು, ಮರೆತವರು, ಕಷ್ಟದ ತಿಂಗಳಲ್ಲಿ ನಿಲ್ಲಿಸಿದವರು ಇದ್ದೇ ಇರುತ್ತಾರೆ. ಮೂರರಲ್ಲಿ ಎರಡು ಪಾಲು, ಅಂದರೆ 20 ಕೆಜಿ ಎಂದೇ ಇಟ್ಟುಕೊಳ್ಳಿ. ಕೆಜಿಗೆ 45 ರೂಪಾಯಿಯಂತೆ ಮಾರಿದರೆ 900 ರೂಪಾಯಿ.

ಒಬ್ಬಂಟಿ ಹಿರಿಯರ ಒಂದು ತಿಂಗಳ ಚೀಲ ಹೀಗಿರಲಿ: ತೊಗರಿಬೇಳೆ 1 ಕೆಜಿ, ಅಡುಗೆ ಎಣ್ಣೆ 1 ಲೀಟರ್, ಬೆಲ್ಲ ಅಥವಾ ಸಕ್ಕರೆ ಅರ್ಧ ಕೆಜಿ, ಚಹಾಪುಡಿ 100 ಗ್ರಾಂ, ಉಪ್ಪು 1 ಕೆಜಿ, ಮೈಸೋಪು ಒಂದು, ಬಟ್ಟೆಸೋಪು ಒಂದು. ಹತ್ತಿರಹತ್ತಿರ 450 ರೂಪಾಯಿ ಆಗುತ್ತದೆ. ನಿಮ್ಮೂರಿನ ದರ ಹಾಕಿ ನೋಡಿಕೊಳ್ಳಿ. ಅಲ್ಲಿಗೆ ಇಪ್ಪತ್ತು ಮನೆಯ ಹಿಡಿ ಅಕ್ಕಿ ಎರಡು ಮನೆಗಳನ್ನು ಹೊರುತ್ತದೆ. ನಾಲ್ಕನ್ನು ಹೊರುವುದಿಲ್ಲ.

ಮೊದಲ ಎರಡು ತಿಂಗಳು ಯಾರಿಗೂ ಏನೂ ಕೊಡಬೇಡಿ, ಕೂಡಿಡಿ. ಆ 1,800 ರೂಪಾಯಿ ನಿಮ್ಮ ಆಪತ್ಕಾಲದ ಹಣ. ಸಂಗ್ರಹ ಇಳಿದ ತಿಂಗಳೂ ಚೀಲ ಹೋಗುವುದು ಅದರ ಬಲದಿಂದಲೇ. ಉತ್ಸಾಹದಲ್ಲಿ ಮೊದಲ ತಿಂಗಳೇ ಆರು ಮನೆ ಹಿಡಿದು ನಾಲ್ಕನೇ ತಿಂಗಳಿಗೆ ಕೈಬಿಡುವುದು ಇಂಥ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು. ಕೈಬಿಟ್ಟ ಮನೆಗೆ ನಿಮ್ಮ ಮೇಲೆ ಮಾತ್ರವಲ್ಲ, ನೀವು ಹೇಳುವ ದೇವರ ಮೇಲೂ ನಂಬಿಕೆ ಅಲುಗುತ್ತದೆ.

2. ಹಿಡಿ ತೆಗೆಯುವ ಕ್ರಮ

ಅಡುಗೆಗೆ ಎಷ್ಟು ಬೇಕೋ ಅಷ್ಟು ಅಳೆದ ಮೇಲೆ, ತೊಳೆಯುವ ಮೊದಲು, ಆ ಅಳತೆಯಿಂದಲೇ ಒಂದು ಹಿಡಿ ತೆಗೆದು ಡಬ್ಬಿಗೆ ಹಾಕಿ. ಮೂಟೆಯಿಂದ ಬೇರೆಯಾಗಿ ತೆಗೆದರೆ ತೂಕ ಅಷ್ಟೇ ಬಂದೀತು, ಆದರೆ ನಮ್ಮ ಊಟದಿಂದಲೇ ಇನ್ನೊಬ್ಬರ ಪಾಲು ಹೋಯಿತು ಎನ್ನುವ ಅರ್ಥ ಉಳಿಯುವುದಿಲ್ಲ. ಬಡ ವಿಧವೆ ಹಾಕಿದ ಎರಡು ಕಾಸನ್ನು ಯೇಸು ಎಲ್ಲರ ಕಾಣಿಕೆಗಿಂತ ಹೆಚ್ಚೆಂದದ್ದು, ಅವಳು ಮಿಕ್ಕಿದ್ದರಲ್ಲಿ ಕೊಡದೆ ತನ್ನ ಜೀವನಕ್ಕೆ ಇದ್ದದ್ದರಲ್ಲೇ ಕೊಟ್ಟಳು ಎಂಬ ಕಾರಣಕ್ಕೆ. ಹಾಕುವಾಗ ಒಂದು ಸಾಲಿನ ಪ್ರಾರ್ಥನೆ ಸಾಕು. ಮಕ್ಕಳಿದ್ದರೆ ಅವರ ಕೈಯಿಂದಲೇ ಹಾಕಿಸಿ. ಅವರ ಹಿಡಿ ಚಿಕ್ಕದು, ಎರಡು ಸಲ ಹಾಕಲಿ.

ಡಬ್ಬಿಯನ್ನು ಅಕ್ಕಿಡಬ್ಬಿಯ ಪಕ್ಕದಲ್ಲೇ ಇಡಿ. ಪ್ರಾರ್ಥನೆಯ ಮೂಲೆಯಲ್ಲಿಟ್ಟರೆ ನೋಡಲು ಚಂದ, ಆದರೆ ಅಡುಗೆಯ ಗಡಿಬಿಡಿಯಲ್ಲಿ ಅಲ್ಲಿಯವರೆಗೆ ಯಾರೂ ಹೋಗುವುದಿಲ್ಲ. ಒದ್ದೆ ಕೈ ಹಾಕಬಾರದು.

ಎಲ್ಲರೂ ಅಕ್ಕಿಯನ್ನೇ ಕೊಡಬೇಕೆಂದಿಲ್ಲ. ಧಾರವಾಡ, ಗದಗ, ಬೀದರ್ ಕಡೆ ಜೋಳ, ಮಂಡ್ಯ, ಕೋಲಾರದ ಕಡೆ ರಾಗಿ. ದಿನಾ ಮನೆಯಲ್ಲಿ ಬೇಯುವುದು ಯಾವುದೋ ಅದು. ಮುದ್ದೆ ಊಟದ ಮನೆಯವರಿಗೆ ಅಕ್ಕಿ ತಂದು ಹಾಕಿ ಎಂದರೆ ಎರಡನೇ ವಾರಕ್ಕೆ ನಿಲ್ಲುತ್ತದೆ.

3. ಕೂಡಿಸುವುದು, ಕೆಡದಂತೆ ಇಡುವುದು

ತಿಂಗಳ ಮೊದಲ ಭಾನುವಾರ ಡಬ್ಬಿ ತರಿಸಿ, ಒಟ್ಟು ತೂಕ ಮಾತ್ರ ಬರೆಯಿರಿ. ಯಾರ ಮನೆಯಿಂದ ಎಷ್ಟು ಬಂತು ಎಂದು ಬರೆಯಬೇಡಿ, ಓದಲೂ ಬೇಡಿ. ಓದಿದ ದಿನವೇ ಕಡಿಮೆ ತಂದವರು ಮನೆಯಲ್ಲಿ ಉಳಿದುಬಿಡುತ್ತಾರೆ.

ಕುಚ್ಚಲಕ್ಕಿಗೂ (ಭತ್ತ ಬೇಯಿಸಿ ಮಾಡಿದ್ದು) ಬೆಳ್ತಿಗೆ ಅಕ್ಕಿಗೂ (ಬೇಯಿಸದೆ ಮಾಡಿದ್ದು) ಬೇರೆ ಬೇರೆ ಡ್ರಮ್ಮು ಇಡಿ. ಕರಾವಳಿಯಲ್ಲಿ ಇದು ಮುಖ್ಯ. ಕುಚ್ಚಲಕ್ಕಿ ಬೇಯಲು ಮುಕ್ಕಾಲು ಗಂಟೆ ಬೇಕು, ಬೆಳ್ತಿಗೆ ಇಪ್ಪತ್ತು ನಿಮಿಷದಲ್ಲಿ ಬೇಯುತ್ತದೆ. ಎರಡೂ ಬೆರೆತರೆ ಒಂದು ಕರಗಿ ಗಂಜಿಯಾಗುವ ಹೊತ್ತಿಗೆ ಇನ್ನೊಂದು ಗಟ್ಟಿಯಾಗಿಯೇ ಇರುತ್ತದೆ. ಅಂಥ ಅಕ್ಕಿಯನ್ನು ಅನ್ನಕ್ಕೆಂದು ಯಾರೂ ಕೊಳ್ಳುವುದಿಲ್ಲ.

ನುಸಿಯ ವಿಷಯ. ನುಸಿ ಕಾಳಿನೊಳಗೇ ಮೊಟ್ಟೆ ಇಡುತ್ತದೆ. ಬಿಸಿ ಹವೆಯಲ್ಲಿ ಅದು ಬೆಳೆದು ಹೊರಬರಲು ಸುಮಾರು ಒಂದು ತಿಂಗಳು ಬೇಕು. ಆದ್ದರಿಂದ ಡ್ರಮ್ಮನ್ನು ಪ್ರತಿ ತಿಂಗಳು ಪೂರ್ತಿ ಖಾಲಿ ಮಾಡಿ, ಒಣಬಟ್ಟೆಯಿಂದ ಒರೆಸಿ, ತಳದಲ್ಲಿ ಹಳೆಯ ಕಾಳು ಉಳಿಯದಂತೆ ನೋಡಿಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ. ಹಳೆಯದರ ಮೇಲೆ ಹೊಸದನ್ನು ಸುರಿಯುವುದು ನುಸಿ ಹಿಡಿಯಲು ದೊಡ್ಡ ಕಾರಣ. ಒಣಗಿದ ಬೇವಿನೆಲೆ, ನಾಲ್ಕಾರು ಒಣಮೆಣಸಿನಕಾಯಿ ಹಾಕಿಡುವುದು ಒಳ್ಳೆಯದು. ಹಸಿ ಬೇವಿನ ಸೊಪ್ಪು ಹಾಕಬೇಡಿ, ತೇವ ಕಟ್ಟಿ ಮುಗ್ಗುತ್ತದೆ. ಹುಳ ಬಿದ್ದಿದ್ದರೆ ನೆರಳಿನಲ್ಲಿ ತೆಳುವಾಗಿ ಹರಡಿ, ಜರಡಿ ಹಿಡಿದು, ಮೊರದಲ್ಲಿ ಕೇರಿ. ಉರಿಬಿಸಿಲಿಗೆ ಹಾಕಿದರೆ ಕಾಳು ಸೀಳಿ ನುಚ್ಚಾಗುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮತ್ತು ಮಲೆನಾಡಿನಲ್ಲಿ, ಹದಿನೈದು ದಿನಕ್ಕೊಮ್ಮೆ ಕೂಡಿಸಿ.

4. ಪಡಿತರ ಅಕ್ಕಿ ಬಂದರೆ

ನ್ಯಾಯಬೆಲೆ ಅಂಗಡಿಯ ಅಕ್ಕಿಯನ್ನು ಮಾರುವುದು ಕಾನೂನಿಗೆ ವಿರುದ್ಧ. ಕಾರ್ಡುದಾರರ ಕಾರ್ಡೇ ರದ್ದಾಗಬಹುದು. ಸಭೆಯ ಡ್ರಮ್ಮಿಗೆ ಅದು ಬಿದ್ದು ಮಾರಾಟವಾದರೆ ಕೊಟ್ಟವರಿಗೂ ಸಭೆಗೂ ತೊಂದರೆ. ಹಾಗೆಂದು ಪಡಿತರ ಅಕ್ಕಿ ಉಣ್ಣುವ ಮನೆಯವರಿಗೆ "ನೀವು ಕೊಡಬೇಡಿ" ಎನ್ನುವುದು ದೊಡ್ಡ ತಪ್ಪು. ಅವರ ಹಿಡಿಗೇ ಹೆಚ್ಚು ಬೆಲೆ. ಅದಕ್ಕೊಂದು ಪ್ರತ್ಯೇಕ ಪಾತ್ರೆ ಇಟ್ಟು, ಸಭೆಯ ಸಹಭೋಜನಕ್ಕೆ, ಸಂಡೇ ಸ್ಕೂಲ್ ಮಕ್ಕಳ ಊಟಕ್ಕೆ, ಹಬ್ಬದ ದಿನದ ಪಾಯಸಕ್ಕೆ ಬೇಯಿಸಿ ಬಡಿಸಿ. ಮಾರಬೇಡಿ.

ಆ ಅಕ್ಕಿಯಲ್ಲಿ ಬಣ್ಣ ಸ್ವಲ್ಪ ಬೇರೆಯಾಗಿ, ನೀರಿಗೆ ಹಾಕಿದರೆ ತೇಲುವ ಕೆಲವು ಕಾಳು ಕಾಣಬಹುದು. ಅದು ಪ್ಲಾಸ್ಟಿಕ್ ಅಲ್ಲ. ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಮಾಡಿದ ಸಾರವರ್ಧಿತ ಕಾಳು. ನೂರು ಕಾಳಿಗೆ ಒಂದರಂತೆ ಬೆರೆಸಿರುತ್ತಾರೆ. ಆರಿಸಿ ಬಿಸಾಡಬೇಡಿ.

5. ಮಾರುವುದು ಯಾಕೆ, ಹೇಗೆ

"ಅಕ್ಕಿಯನ್ನೇ ಬಡವರಿಗೆ ಕೊಟ್ಟರಾಗದೇ?" ಎಂದು ಎಲ್ಲರೂ ಕೇಳುತ್ತಾರೆ. ಬಿಪಿಎಲ್ ಕಾರ್ಡಿರುವ ಮನೆಗೆ ಅನ್ನಭಾಗ್ಯದ ಅಕ್ಕಿ ಬರುತ್ತದೆ. ಅಲ್ಲಿ ಇಲ್ಲದ್ದು ಬೇಳೆ, ಎಣ್ಣೆ, ಸೋಪು, ಮಾತ್ರೆಯ ಹಣ. ಅಕ್ಕಿ ಇರುವಲ್ಲಿಗೇ ಅಕ್ಕಿ ಹೊತ್ತರೆ ನಮಗೆ ತೃಪ್ತಿ, ಅವರಿಗೆ ಸಾರಿಲ್ಲದ ಅನ್ನ. ಕಾರ್ಡಿಲ್ಲದ ವಲಸೆ ಕೂಲಿಯವರು, ಬೆರಳಚ್ಚು ಸವೆದು ಯಂತ್ರ ಗುರುತು ಹಿಡಿಯದೆ ಪಡಿತರ ತಪ್ಪಿದ ಮುದುಕರು ಇದ್ದರೆ ಅಂಥ ಮನೆಗೆ ಅಕ್ಕಿಯನ್ನೇ ಕೊಡಿ.

ಉಳಿದದ್ದನ್ನು ಆರಾಧನೆ ಮುಗಿದ ಮೇಲೆ ನಿಗದಿ ದರಕ್ಕೆ ಮಾರಿ. ಹರಾಜು ಕೂಗಬೇಡಿ. ಸುಗ್ಗಿ ಹಬ್ಬದ ಹರಾಜಿಗೆ ಅದರದೇ ಸಂಭ್ರಮವಿದೆ, ವರ್ಷಕ್ಕೊಮ್ಮೆ ಸರಿ. ತಿಂಗಳು ತಿಂಗಳೂ ಕೂಗಿದರೆ ಹೆಚ್ಚು ಕೂಗುವ ಇಬ್ಬರ ಕಾರ್ಯಕ್ರಮವಾಗುತ್ತದೆ. ಬೆರಕೆ ಅಕ್ಕಿಯನ್ನು ದೋಸೆ, ಇಡ್ಲಿ ಹಿಟ್ಟಿಗೆ ಎಂದು ಹೇಳಿಯೇ ಮಾರಿ, ಬೇಗ ಹೋಗುತ್ತದೆ.

6. ಮನೆಗಳನ್ನು ಆರಿಸುವುದು

ಎಲ್ಲ ಹಂತಗಳಲ್ಲಿ ಕಷ್ಟದ್ದು ಇದು. ಜಗಳ ಹುಟ್ಟುವುದೂ ಇಲ್ಲೇ. ಆದಿಸಭೆಯಲ್ಲೂ, ಅಂದರೆ ಅಪೊಸ್ತಲರ ಕಾಲದ ಸಭೆಯಲ್ಲೂ, ಹೀಗೇ ಆಯಿತು. ದಿನದಿನದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಎಂದು ಗ್ರೀಕ್ ಮಾತಾಡುವವರು ಗೊಣಗಿದರು. ಆಗ ಹಂಚಿಕೆಗೆ ಏಳು ಜನರನ್ನು ಆರಿಸಿದರು. ಅಪೊಸ್ತಲರ ಕೃತ್ಯಗಳ ಆರನೇ ಅಧ್ಯಾಯ ತೆರೆದು ಆ ಏಳು ಹೆಸರು ಓದಿ: ಸ್ತೆಫನ, ಫಿಲಿಪ್ಪ, ಪ್ರೊಖೋರ... ಏಳೂ ಗ್ರೀಕ್ ಹೆಸರುಗಳೇ. ದೂರು ಕೊಟ್ಟವರ ಕಡೆಯವರ ಕೈಗೇ ಹಂಚಿಕೆಯ ಕೆಲಸ ಹೋದಂತೆ ಕಾಣುತ್ತದೆ.

ನಿಮ್ಮ ಐದು ಜನರ ಗುಂಪನ್ನೂ ಹಾಗೇ ಕಟ್ಟಿ. ಬೆಂಗಳೂರಿನ ಧರ್ಮಕೇಂದ್ರಗಳಲ್ಲಿ ಕನ್ನಡ, ತಮಿಳು, ಕೊಂಕಣಿ ಮಾತಾಡುವವರು ಒಟ್ಟಿಗಿರುತ್ತಾರೆ. ಹಳ್ಳಿಗಳಲ್ಲಿ ಕೇರಿಗಳ ನಡುವೆ ಅಂತರ ಇನ್ನೂ ಇದೆ. ಸಭೆಯಲ್ಲಿ ಯಾರ ಮಾತು ಕಡಿಮೆ ಕೇಳಿಸುತ್ತದೋ ಅವರಿಂದ ಕನಿಷ್ಠ ಇಬ್ಬರಿರಲಿ. ಹಿಂದೊಮ್ಮೆ ಸಹಾಯ ಪಡೆದವರು ಒಬ್ಬರಿದ್ದರೆ ಇನ್ನೂ ಒಳ್ಳೆಯದು. ಕೊಡುವ ಕೈ ಹೇಗಿದ್ದರೆ ನೋವಾಗುತ್ತದೆ ಎಂದು ಅವರಿಗೆ ಗೊತ್ತು.

ಎರಡು ಮನೆಗಳಲ್ಲಿ ಒಂದು ಸಭೆಯ ಹೊರಗಿನದಾಗಿರಲಿ ಎಂಬುದು ನಮ್ಮ ಸಲಹೆ. ಯೇಸು ಹೇಳಿದ ಒಳ್ಳೆಯ ಸಮಾರ್ಯದವನ ಕಥೆಯಲ್ಲಿ ಗಾಯಗೊಂಡವನ ಸಭೆ ಯಾವುದೆಂದು ಯಾರೂ ವಿಚಾರಿಸಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಚೀಲದಲ್ಲಿ ಕರಪತ್ರ ಇಡಬೇಡಿ, "ಭಾನುವಾರ ಬನ್ನಿ" ಎನ್ನಬೇಡಿ, ಅವರಾಗಿ ಕೇಳದೆ ಪ್ರಾರ್ಥನೆ ಮಾಡಬೇಡಿ. 2022ರಲ್ಲಿ ಕರ್ನಾಟಕದಲ್ಲಿ ಬಂದ ಮತಾಂತರ ತಡೆ ಕಾಯ್ದೆ ಆಮಿಷದ ವ್ಯಾಖ್ಯೆಯೊಳಗೆ ಉಡುಗೊರೆಯನ್ನೂ ಸೇರಿಸಿತ್ತು. ಅನುಮಾನದ ಕಣ್ಣು ಇದ್ದೇ ಇರುತ್ತದೆ. ಆದರೆ ಕಾನೂನಿನ ಭಯಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಪ್ರತಿಫಲ ಬಯಸಿ ಕೊಟ್ಟದ್ದು ವ್ಯಾಪಾರ. ಹಸಿದವನ ಎದುರು ಬೇಳೆ ಹಿಡಿದು ನಂಬಿಕೆ ಕೇಳುವುದು ಕ್ರಿಸ್ತನಿಗೆ ಒಪ್ಪುವ ಕೆಲಸವಲ್ಲ.

7. ಮನೆಗೆ ಹೋಗುವುದು

ಕಥೋಲಿಕ ಧರ್ಮಕೇಂದ್ರಗಳಲ್ಲಿ ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರು ಈ ಕೆಲಸದಲ್ಲಿ ಪಳಗಿದವರು. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡ್ರಿಕ್ ಓಜಾನಾಮ್ ಎಂಬ ಇಪ್ಪತ್ತರ ಹರೆಯದ ವಿದ್ಯಾರ್ಥಿ ಗೆಳೆಯರೊಡನೆ ಕಟ್ಟಿದ ಸಂಘ ಅದು. ಬಡವರನ್ನು ಕರೆಸಿ ಸಾಲಿನಲ್ಲಿ ನಿಲ್ಲಿಸದೆ ತಾವೇ ಅವರ ಮನೆಗೆ ಹೋಗುವುದು, ಇಬ್ಬರಿಬ್ಬರಾಗಿ ಹೋಗುವುದು ಅವರ ಪದ್ಧತಿ. ನಿಮ್ಮಲ್ಲಿ ಆ ಸಂಘ ಇದ್ದರೆ ಬೇರೆ ಗುಂಪು ಕಟ್ಟದೆ ಅವರೊಂದಿಗೇ ಸೇರಿಕೊಳ್ಳಿ.

ಯಾವಾಗಲೂ ಇಬ್ಬರು, ಅವರಲ್ಲಿ ಒಬ್ಬರು ಹೆಂಗಸು. ಕನಿಷ್ಠ ಆರು ತಿಂಗಳು ಅದೇ ಇಬ್ಬರು ಹೋಗಲಿ. ಪ್ರತಿ ತಿಂಗಳು ಹೊಸ ಮುಖ ಬಂದರೆ ಆ ಮನೆಯವರು ತಮ್ಮ ಕಷ್ಟವನ್ನು ಮೊದಲಿನಿಂದ ಹೇಳಬೇಕಾಗುತ್ತದೆ. ಭಾನುವಾರದ ಉಡುಪಿನಲ್ಲಿ ಗುಂಪಾಗಿ ಹೋಗಬೇಡಿ. ವಾರದ ದಿನ ಸಂಜೆ ನಾಲ್ಕರ ಮೇಲೆ, ನೆಂಟರ ಮನೆಗೆ ಹೋದ ಹಾಗೆ ಹೋಗಿ. ಚೀಲವನ್ನು ಬಾಗಿಲಲ್ಲೇ ಕೊಟ್ಟು ತಿರುಗಬೇಡಿ. ಒಳಗೆ ಹೋಗಿ, ಚೀಲವನ್ನು ಗೋಡೆ ಬದಿಗಿಟ್ಟು, ಕುಳಿತು ಮಾತಾಡಿ. ಚಹಾ ಕೊಟ್ಟರೆ ಕುಡಿಯಿರಿ. "ಅಯ್ಯೋ, ನಿಮಗೇ ಇಲ್ಲ, ನಮಗ್ಯಾಕೆ" ಎಂದರೆ ಆ ಮನೆಯ ಮರ್ಯಾದೆ ಹೋಯಿತು.

"ಏನು ಬೇಕು?" ಎಂದು ನೇರವಾಗಿ ಕೇಳಿದರೆ ಹೆಚ್ಚಿನವರು "ಏನೂ ಬೇಡಮ್ಮ" ಎನ್ನುತ್ತಾರೆ. "ಅಜ್ಜಿ, ಮಾತ್ರೆ ಎಷ್ಟು ದಿನಕ್ಕಿದೆ?" "ಪೆನ್ಶನ್ ಈ ತಿಂಗಳು ಬಂತಾ?" "ಗ್ಯಾಸ್ ಯಾವಾಗ ತಂದ್ರಿ?" ಎಂದು ಕೇಳಿ. ಉತ್ತರದಲ್ಲೇ ಎಲ್ಲ ತಿಳಿಯುತ್ತದೆ. ಬಿಪಿ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಿದ್ದರೆ ಹಣ ಸಾಲುತ್ತಿಲ್ಲ ಎಂದರ್ಥ. ವೈದ್ಯರ ಚೀಟಿ ಪಡೆದು ಜನೌಷಧಿ ಕೇಂದ್ರದಿಂದ ತಂದುಕೊಡಿ. ನಿಮ್ಮ ಮನೆಯಲ್ಲಿ ಮಿಕ್ಕ ಮಾತ್ರೆಯನ್ನು ಎಂದಿಗೂ ಕೊಡಬೇಡಿ.

8. ಚೀಲಕ್ಕಿಂತ ಹೆಚ್ಚಿನದು

ಹಿಡಿ ಎಂದರೆ ಧಾನ್ಯವೇ ಆಗಬೇಕೆಂದಿಲ್ಲ. ಓದುಬರಹ ಬಲ್ಲವರು ನಾಡಕಚೇರಿಗೆ ಜೊತೆಗೆ ಹೋಗಿ ಸಂಧ್ಯಾ ಸುರಕ್ಷಾ ಎಂಬ ಹಿರಿಯರ ಪಿಂಚಣಿ ಅಥವಾ ವಿಧವಾ ವೇತನದ ಅರ್ಜಿ ಹಾಕಿಸಬಹುದು. ಸಂಧ್ಯಾ ಸುರಕ್ಷಾಕ್ಕೆ 65 ವರ್ಷ ತುಂಬಿರಬೇಕು. ಆಧಾರ್‌ನಲ್ಲಿ ವಯಸ್ಸು ತಪ್ಪಾಗಿದ್ದು ಅರ್ಜಿ ನಿಂತುಹೋದ ಹಿರಿಯರು ಬಹಳ. ಮೊದಲು ಅದನ್ನು ನೋಡಿ. ಮಂಜೂರಾದ ಒಂದು ಪಿಂಚಣಿ ನೀವು ವರ್ಷಗಟ್ಟಲೆ ಹೊರುವ ಚೀಲಕ್ಕಿಂತ ಹೆಚ್ಚಿನ ಆಸರೆ. ಆಟೊ ಓಡಿಸುವವರು ತಿಂಗಳಿಗೆ ಒಂದು ಸಲ ಆಸ್ಪತ್ರೆಗೆ ಬಿಟ್ಟುಬರಲಿ. ಹೊಲಿಗೆ ಬಲ್ಲವರು ಹರಿದ ಹೊದಿಕೆ, ಶಾಲೆಯ ಸಮವಸ್ತ್ರ ಹೊಲಿದುಕೊಡಲಿ. ಬೈಬಲಿನಲ್ಲಿ ಬರುವ ಯೊಪ್ಪ ಊರಿನ ದೊರ್ಕ ಎಂಬ ಹೆಂಗಸು ಸತ್ತಾಗ ವಿಧವೆಯರು ಅಳುತ್ತಾ ಅಪೊಸ್ತಲ ಪೇತ್ರನಿಗೆ ತೋರಿಸಿದ್ದು ಅವಳು ಹೊಲಿದುಕೊಟ್ಟ ಬಟ್ಟೆಗಳನ್ನೇ. ಹಳೆ ಬಟ್ಟೆ ಕೊಡುವುದಾದರೆ ಒಗೆದು, ಗುಂಡಿ ಹೊಲಿದು, ಇಸ್ತ್ರಿ ಹಾಕಿ ಕೊಡಿ. ನೀವು ಉಡದಷ್ಟು ಹಳತಾದದ್ದು ಬೇಡ.

9. ಲೆಕ್ಕ ಮತ್ತು ಗುಟ್ಟು

ಒಂದು ಪುಸ್ತಕ ಎಲ್ಲರಿಗೂ ತೆರೆದದ್ದು: ಬಂದ ಧಾನ್ಯ, ಮಾರಿದ್ದು, ಹಣ, ಖರ್ಚು, ಉಳಿಕೆ. ತಿಂಗಳಿಗೊಮ್ಮೆ ಆರಾಧನೆಯಲ್ಲಿ ಎರಡು ನಿಮಿಷದಲ್ಲಿ ಓದಿ. ಇನ್ನೊಂದು ಪುಸ್ತಕದಲ್ಲಿ ಪಡೆಯುವವರ ಹೆಸರಿರುತ್ತದೆ. ಅದು ಐದು ಜನ ಮತ್ತು ಸಭಾಪಾಲಕರ ಕಣ್ಣಿಗೆ ಮಾತ್ರ. ಫೋಟೊ ತೆಗೆಯಬೇಡಿ, ವಾಟ್ಸಾಪ್‌ಗೆ ಹಾಕಬೇಡಿ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂದು ಕರ್ತನು ಹೇಳಿದ್ದನ್ನು ಇಲ್ಲಿ ಅಕ್ಷರಶಃ ಪಾಲಿಸಿ.

ಹಣವನ್ನು ಒಬ್ಬರ ಸ್ವಂತ ಖಾತೆಗೆ ಹಾಕಿಸಬೇಡಿ, ಫೋನ್‌ಪೇಯನ್ನೂ ಸೇರಿಸಿ ಹೇಳುತ್ತಿದ್ದೇವೆ. ಒಳ್ಳೆಯವರ ಮೇಲೂ ಸುಮ್ಮನೆ ಮಾತು ಬರುತ್ತದೆ. ಸಭೆಯ ಖಾತೆಗೆ ಹೋಗಲಿ, ತೆಗೆಯಲು ಇಬ್ಬರ ಸಹಿ ಬೇಕೆಂದಿರಲಿ. ಕೊಲ್ಲಿ ದೇಶದಲ್ಲೋ ಅಮೆರಿಕದಲ್ಲೋ ಇರುವ ನಮ್ಮವರು ಹಣ ಕಳಿಸುತ್ತೇವೆ ಎಂದರೆ ಮೊದಲು ಅವರ ಪೌರತ್ವ ಕೇಳಿ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ದುಡಿಮೆಯ ಹಣವನ್ನು ಬ್ಯಾಂಕಿನ ಮೂಲಕ ಕಳಿಸಬಹುದು. ವಿದೇಶಿ ಪೌರತ್ವ ಪಡೆದವರದು, ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡಿದ್ದರೂ, ಎಫ್‌ಸಿಆರ್‌ಎ ಎಂದು ಕರೆಯುವ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ವಿದೇಶಿ ದೇಣಿಗೆಯಾಗುತ್ತದೆ. ಆ ನೋಂದಣಿ ಇಲ್ಲದೆ ತೆಗೆದುಕೊಳ್ಳಬಾರದು.

10. ಅವರೂ ಕೊಡುತ್ತೇವೆ ಎಂದರೆ

ಕೆಲವು ತಿಂಗಳಾದ ಮೇಲೆ ಚೀಲ ಪಡೆಯುವ ಮನೆಯಿಂದಲೇ "ನಮ್ಮದೂ ಒಂದು ಹಿಡಿ ಇರಲಿ" ಎಂಬ ಮಾತು ಬರುತ್ತದೆ. ಬೇಡ ಎನ್ನಬೇಡಿ. ಬೈಬಲಿನಲ್ಲಿ ಬರುವ ಚಾರೆಪ್ತ ಊರಿನ ವಿಧವೆಯ ಮಡಕೆಯಲ್ಲಿ ಇದ್ದದ್ದೇ ಒಂದು ಹಿಡಿ ಹಿಟ್ಟು. ಪ್ರವಾದಿ ಎಲೀಯನು ಅದರಲ್ಲೇ ಮೊದಲು ತನಗೊಂದು ಚಿಕ್ಕ ರೊಟ್ಟಿ ಕೇಳಿದನು. ಅವರಿಗೂ ಒಂದು ಡಬ್ಬಿ ಕೊಟ್ಟು, ಬೇರೆಯವರದರ ಜೊತೆಗೇ ಕೂಡಿಸಿ. ಪಡಿತರದ್ದಾದರೆ ನಾಲ್ಕನೇ ಹಂತದಲ್ಲಿ ಹೇಳಿದ ಪಾತ್ರೆಗೆ.

ಒಂದು ಮನೆಯ ಕಷ್ಟ ತೀರಿ ಚೀಲ ನಿಲ್ಲಿಸುವುದಾದರೆ ಎರಡು ತಿಂಗಳು ಮುಂಚೆಯೇ ಮನೆಗೆ ಹೋಗಿ ಹೇಳಿ. ಚೀಲ ನಿಂತರೂ ಭೇಟಿ ನಿಲ್ಲಿಸಬೇಡಿ.

11. ಡಿಸೆಂಬರ್ ಮತ್ತು ಜೂನ್

ಕ್ರಿಸ್ಮಸ್ ಸಮಯದಲ್ಲಿ ಎಲ್ಲರ ಕೈಯೂ ಸಡಿಲ. ಸಂಗ್ರಹ ಒಂದೂವರೆ ಪಟ್ಟು, ಎರಡು ಪಟ್ಟು ಆಗುತ್ತದೆ. ಅದನ್ನು ನೋಡಿ ಹೊಸ ಮನೆಗಳಿಗೆ ಮಾತು ಕೊಡಬೇಡಿ, ಚೀಲವನ್ನೂ ಎರಡು ಪಟ್ಟು ಮಾಡಬೇಡಿ. ಆ ತಿಂಗಳು ಬೇರೆಯವರೂ ಅವರಿಗೆ ಕೊಡುತ್ತಾರೆ. ಚೀಲಕ್ಕೆ ಒಂದಿಷ್ಟು ರವೆ, ಒಣದ್ರಾಕ್ಷಿ ಸೇರಿಸಿದರೆ ಹಬ್ಬವಾಯಿತು. ಕೈ ಬಿಗಿಯುವುದು ಜೂನ್, ಜುಲೈಯಲ್ಲಿ. ಮಳೆಗೆ ಕೂಲಿ ನಿಲ್ಲುತ್ತದೆ, ಮಕ್ಕಳ ಶಾಲೆ ಶುರುವಾಗುತ್ತದೆ, ಚಾವಣಿ ಸೋರುತ್ತದೆ, ಕೊಡುವ ಮನೆಗಳಲ್ಲೂ ಖರ್ಚು ಏರಿ ಡಬ್ಬಿ ಅರ್ಧ ಖಾಲಿಯಾಗಿ ಬರುತ್ತದೆ. ಡಿಸೆಂಬರಿನ ಹೆಚ್ಚುವರಿ ಹಣವನ್ನು ಪುಸ್ತಕದಲ್ಲಿ "ಜೂನ್ ಬಾಬ್ತು" ಎಂದು ಬೇರೆ ಸಾಲಿನಲ್ಲಿ ಬರೆದಿಟ್ಟು, ಮೇ ಕೊನೆಯ ವಾರ ಎರಡೂ ಮನೆಗೆ ಹೋಗಿ, ಟಾರ್ಪಾಲು ಬೇಕೋ ನೋಟ್‌ಪುಸ್ತಕ ಬೇಕೋ ಕೇಳಿಕೊಂಡು ಬನ್ನಿ.